ಮಗ್ಗದ ಕುಣಿಯಿದ್ದ ಮನೆ

ನಾನು ಕೊಳ್ಳದೆ ಬಿಟ್ಟ ಮನೆಯೊಂದು ಗಜೇಂದ್ರಗಡದಲ್ಲಿದೆ. ಬಿಟ್ಟದ್ದೇ ನ್ಯಾಯವೆಂದು ಅಂದು ತಿಳಿದಿದ್ದೆ. ನಾಲ್ಕು ಜನರೆದುರು ಹಾಗೆ ಹೇಳಿಯೂ ಇದ್ದೆ.

ಕುಂಪಣಿ ಸರಕಾರದ ಕೊನೆಯ ವರ್ಷಗಳವು. ಹೊಸ ಬಗೆಯ ಸಾಲೆಯಲ್ಲಿ ಓದಿ, ರೋಣದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ನಾನು, ಸ್ವಂತದ್ದೊಂದು ಮನೆ ಬೇಕೆಂದು ಮುದುಕ ದಲ್ಲಾಳಿಯೊಬ್ಬನನ್ನು ಗೊತ್ತು ಮಾಡಿಕೊಂಡಿದ್ದೆ. ಅವನು ಮನೆಯೊಳಗೆ ಕಾಲಿಟ್ಟೊಡನೆ ಗೋಡೆಯ ಬುಡವನ್ನು ಅಂಗೈಯಿಂದ ಒತ್ತಿ ತೇವ ನೋಡುವನು. ಮಾಳಿಗೆಯ ಜಂತಿಗಳನ್ನು ಕೋಲಿನಿಂದ ತಟ್ಟಿ, ಗೆದ್ದಲು ಹಿಡಿದಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವನು. ನಾನು ನೋಡುತ್ತಿದ್ದುದು ಬೇರೆ. ಮೊದಲು ನೋಡಿದ ರೋಣದ ಮನೆಯಲ್ಲಿ ಸಿಹಿನೀರಿನ ಬಾವಿಯಿತ್ತು; ಅದನ್ನು ತೋಡಿದವರೇ ಅದರ ಹಗ್ಗ ಮುಟ್ಟುವಂತಿರಲಿಲ್ಲ. ಇದು ಅನ್ಯಾಯವೆಂದು ಮನೆಯವರಿಗೆ ಹೇಳಿ ಹೊರಬಂದೆ. ನರಗುಂದದ ಮನೆಯಲ್ಲಿ ಬಾಣಂತಿಯರಿಗೆಂದು ಕಿಂಡಿಯೂ ಇಲ್ಲದ ಕೋಣೆ. ಕೂಸುಗಳನ್ನು ಹೊಗೆಯಲ್ಲಿ ಕೊಲ್ಲುವ ಕೋಣೆಯಿದು ಎಂದೆ. ಆ ಮನೆಯ ಯಜಮಾನ ನಮಗೆ ಕುಡಿಯಲು ನೀರನ್ನೂ ಕೊಡಲಿಲ್ಲ.

"ಮಾಸ್ತರ್ರ, ನೀವು ಮನಿ ನೋಡಾಕ ಬಂದೀರೋ, ಮನ್ಯಾಗಿನ ಪಾಪ ಎಣಸಾಕ ಬಂದೀರೋ?" ಎಂದ ದಲ್ಲಾಳಿ, ದಾರಿಯಲ್ಲಿ. "ಪಾಪ ಇಲ್ಲದ ಮನಿ ಬೇಕಂದ್ರ ಹೊಸಾದು ಕಟ್ಟಿಸ್ರಿ. ಕಟ್ಟಿಸಿದ ಮ್ಯಾಲ ಅದರಾಗ ಯಾರೂ ಇರಬ್ಯಾಡ್ರಿ."

ಮೂರನೆಯದೇ ಗಜೇಂದ್ರಗಡದ ಮನೆ. ಗುಡ್ಡದ ಬುಡದಲ್ಲಿತ್ತು. ಗೋಡೆಗಳು ಒಣಗಿದ್ದವು, ಜಂತಿಗಳು ಗಟ್ಟಿಯಾಗಿದ್ದವು. ಪಡಸಾಲೆಯ ಮೂಲೆಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿ. ಅದರಲ್ಲಿ ಕುಳಿತು ವಿಧವೆಯೊಬ್ಬಳು ಸೀರೆ ನೇಯುತ್ತಿದ್ದಳು. ಮನೆಯನ್ನು ಮಾರುತ್ತಿದ್ದವನು ಆಕೆಯ ಗಂಡನ ಅಣ್ಣ. ಅಣ್ಣತಮ್ಮಂದಿರಿಬ್ಬರೂ ಸೇರಿ ಕಟ್ಟಿಸಿದ ಮನೆ ಅದು. ಗಂಡುಮಗನಿಲ್ಲದ ವಿಧವೆಗೆ ಪಾಲಿಲ್ಲವೆಂಬುದು ಅವನ ವಾದ.

ನಮ್ಮನ್ನು ಕಂಡು ಆಕೆ ಸೆರಗು ಎಳೆದುಕೊಂಡಳು. ದಲ್ಲಾಳಿಯನ್ನು ಒಂದೇ ಮಾತು ಕೇಳಿದಳು: "ಕೊಳ್ಳಾವರು ಕುಣಿ ಮುಚ್ಚತಾರೇನ್ರಿ, ಕಾಕಾ?"

ಅವನು ನನ್ನನ್ನು ಹಿತ್ತಲಿಗೆ ಕರೆದೊಯ್ದ.

"ಇದನ್ನ ನಿಮಗಂತನ ಇಟ್ಟೀನ್ರಿ, ಮಾಸ್ತರ್ರ. ನೀವು ಕೊಂಡ್ರ ಆಕಿ ಆ ಮೂಲ್ಯಾಗ ನೇಯ್ಕೋತ ಇರ್ತಾಳ. ನಿಮ್ಮ ಬಾಯಿಮಾತು ಸಾಕು."

"ಬಾಯಿಮಾತು ಯಾಕ? ಅರ್ಧಾ ಮನಿ ಆಕೀದು. ಖರೀದಿ ಪತ್ರದಾಗ ಹಂಗ ಬರೀಲಿ."

"ಬರಿ ಅಂದ್ರ ಆಕಿ ಭಾವ ನಿಮಗ ಮಾರಂಗಿಲ್ರಿ. ಸುಮ್ನ ಕೊಳ್ರಿ, ಸುಮ್ನ ಇರಗೊಡ್ರಿ."

"ಅದು ಭಿಕ್ಷಾ ಆಗತೈತಿ, ಕಾಕಾ. ಹಕ್ಕಲ್ಲ."

"ಭಿಕ್ಷಾನೋ ಹಕ್ಕೋ, ಆಕಿನ್ನ ಕೇಳೀರೇನು?"

ಕೇಳಲಿಲ್ಲ. ಆಕೆ ಹತ್ತು ಹೆಜ್ಜೆಯಾಚೆ ಇದ್ದಳು. ಆಕೆಯ ಮುಂದಿನಿಂದಲೇ ಹಾದುಹೋಗಿ, ಕಟ್ಟೆಯ ಮೇಲೆ ಕುಳಿತಿದ್ದ ಭಾವನಿಗೆ, ನೆರೆಯವರೆಲ್ಲ ಕೇಳುವಂತೆ, ಅವನು ಮಾಡುತ್ತಿದ್ದ ಅನ್ಯಾಯವನ್ನು ವಿವರಿಸಿದೆ. ಅಂದು ಆಡಿದ ಮಾತುಗಳಲ್ಲಿ ಒಂದನ್ನೂ ನಾನು ಇಂದಿಗೂ ಸುಳ್ಳೆನ್ನಲಾರೆ. ಅವನು ದಲ್ಲಾಳಿಯತ್ತ ತಿರುಗಿ, "ಈ ಮನಶ್ಯಾನ್ನ ಮತ್ತ ಕರಕೊಂಡು ಬರಬ್ಯಾಡ" ಎಂದನಷ್ಟೆ. ಒಳಗೆ ಮಗ್ಗದ ಸದ್ದು ನಿಂತಿತ್ತು.

ತಿಂಗಳೊಪ್ಪತ್ತಿನಲ್ಲಿ ಅರಳೆಯ ವ್ಯಾಪಾರಿಯೊಬ್ಬ ಆ ಮನೆಯನ್ನು ಕೊಂಡ. ಅರಳೆ ತುಂಬಿದ ಅಂಡಿಗೆಗಳನ್ನು ಒಟ್ಟಲು ಅವನಿಗೆ ಸಪಾಟಾದ ನೆಲ ಬೇಕಿತ್ತು. ಕುಣಿಗೆ ಮಣ್ಣು ತುಂಬಿಸಿದ. ಸುದ್ದಿ ತಂದ ದಲ್ಲಾಳಿ ನನ್ನನ್ನು ಹಂಗಿಸಲಿಲ್ಲ. ಹಂಗಿಸಿದ್ದರೆ ವಾದಿಸಬಹುದಿತ್ತು.

ಮುಂದೆ ನಾನು ಕೊಂಡದ್ದು ರೋಣದ ಆ ಬಾವಿಯ ಮನೆಯನ್ನೇ. ಕೊಂಡ ಮರುದಿನ ಬಾವಿಯ ಹಗ್ಗವನ್ನು ಎಲ್ಲರಿಗೂ ಬಿಟ್ಟೆ. ಊರವರು ಸಿಟ್ಟಾದರು, ಬೈದರು. ಆದರೆ ಮನೆ ನನ್ನದಾಗಿತ್ತು. ಅನ್ಯಾಯವಿದ್ದ ಮನೆಯನ್ನು ಮೊದಲು ಕೊಂಡು, ಆಮೇಲೆ ತಿದ್ದಬಹುದೆಂದು ನನಗೆ ಹೊಳೆದದ್ದು ಅಷ್ಟು ತಡವಾಗಿ.

ಮರುವರ್ಷ ಮುಶಿಗೇರಿಯ ದಾರಿಯಲ್ಲಿ, ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕೂಲಿ ಹೆಂಗಸರ ಸಾಲಿನಿಂದ ಒಬ್ಬಳು ತಲೆಯೆತ್ತಿದಳು. ಗಜೇಂದ್ರಗಡದ ಆ ವಿಧವೆ. ಆಕೆಯೇ ನನ್ನ ಗುರುತು ಹಿಡಿದಳು.

"ಮನಿ ಸಿಕ್ತೇನ್ರಿ, ಮಾಸ್ತರ್ರ?"

ದನಿಯಲ್ಲಿ ಕುಹಕವಿರಲಿಲ್ಲ. ಮನೆ ಹುಡುಕುತ್ತಿದ್ದ ಯಾರನ್ನಾದರೂ ಕೇಳುವಂತೆ ಕೇಳಿದ್ದಳು.

"ಸಿಕ್ತವ್ವ" ಎಂದೆ.

"ಚಲೋ ಆತ್ರಿ" ಎಂದು ಬಾಗಿ ಕೆಲಸಕ್ಕೆ ತೊಡಗಿದಳು. ಹೋದ ಬೆಳೆಯ ಕೂಳೆಗಳನ್ನು ತುಳಿದು ಅಭ್ಯಾಸವಿಲ್ಲದ ಪಾದಗಳಿಗೆ ಹಳೆಯ ಸೀರೆಯ ಅರಿವೆ ಸುತ್ತಿಕೊಂಡಿದ್ದಳು. ಭಿಕ್ಷೆಯೋ ಹಕ್ಕೋ ಎಂದು ಅಂದು ಹಿತ್ತಲಿನಲ್ಲಿ ದಲ್ಲಾಳಿ ಎತ್ತಿದ ಪ್ರಶ್ನೆಯನ್ನು ನಾನು ಆಗಲೂ ಆಕೆಯನ್ನು ಕೇಳಲಿಲ್ಲ.