ತೆಂಗಿನಕಾಯಿಗೆ ಮೂರು ಕಣ್ಣು

ತೆಂಗಿನಕಾಯಿಗೆ ಮೂರು ಕಣ್ಣು. ಅದಕ್ಕೆ ಗುರಿಯಿಡುವ ಮನುಷ್ಯನಿಗೆ ಇರುವುದೇ ಎರಡು. ಅದರಲ್ಲೂ ಒಂದನ್ನು ಮುಚ್ಚಿಕೊಳ್ಳುತ್ತಾನೆ. ಈ ಲೆಕ್ಕದಲ್ಲಿ ಕಾಯಿಯೇ ಗೆಲ್ಲುವುದು ನ್ಯಾಯ. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದ ದಿನ ಕೊಡಗಿನ ಮೈದಾನಗಳಲ್ಲಿ ಮರಕ್ಕೆ ಕಟ್ಟಿದ ಕಾಯಿಗಳು ಗೆದ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಮರುದಿನದ ಪತ್ರಿಕೆಯಲ್ಲಿ ಬರುವುದು ಮನುಷ್ಯರ ಹೆಸರು ಮಾತ್ರ. ಬರೆಯುವವನು ನಾನೇ ಆದ್ದರಿಂದ ಈ ಪಕ್ಷಪಾತದ ಹೊಣೆಯೂ ನನ್ನದೇ.

ನಾನು ಗುಂಡು ಹೊಡೆಯುವವನಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ನಮ್ಮ ಮನೆಯಲ್ಲಿದ್ದ ಏಕೈಕ ಆಯುಧ ಗದ್ದೆಯ ಹಕ್ಕಿ ಓಡಿಸುವ ಕವಣೆ. ನನ್ನ ಕೈಗೆ ಕೋವಿ ಕೊಟ್ಟರೆ ಕಾಯಿಯೊಂದನ್ನು ಬಿಟ್ಟು ಮೈದಾನದಲ್ಲಿರುವ ಎಲ್ಲರೂ ಜಾಗ ಬದಲಿಸುತ್ತಾರೆ. ಹಾಗಾಗಿ ವಿರಾಜಪೇಟೆಯಲ್ಲಿ ಕೂತು, ಹೊಡೆದವರ ಸುದ್ದಿ ಬರೆದು ಬದುಕುತ್ತಿದ್ದೇನೆ.

ಬಿಟ್ಟಂಗಾಲದ ಕಡೆ ಕಾಫಿ ತೋಟವಿರುವ ನನ್ನ ಗೆಳೆಯ ಚಂಗಪ್ಪ ಹೊಡೆಯುವವರ ಪೈಕಿ. ಅವನ ಊರಿನಲ್ಲಿ ಮೊದಲ ಗುಂಡು ಅವನ ಮನೆಯವರದ್ದು. ಯಾವ ಕಾಲದಲ್ಲಿ ಯಾರು ಕೊಟ್ಟ ಮರ್ಯಾದೆಯೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಯಾರೂ ಪ್ರಶ್ನಿಸಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿಯನಾಗಿ ಚಂಗಪ್ಪ ಎರಡು ವರ್ಷ ಮೊದಲ ಗುಂಡು ಹೊಡೆದ. ಎರಡೂ ಸಲ ಕಾಯಿ ಅಲುಗಲಿಲ್ಲ. ಆಗ ಊರಿನ ಯುವಕರು ಬಹಳ ವಿನಯದಿಂದ ಒಂದು ಮಾತು ಮುಂದಿಟ್ಟರು: ಈ ಸಲವೂ ತಪ್ಪಿದರೆ ಮುಂದಿನ ವರ್ಷದಿಂದ ಮೊದಲ ಗುಂಡಿಗೆ ಚೀಟಿ ಎತ್ತೋಣ. ವಿನಯದಿಂದ ಹೇಳಿದ ಮಾತಿಗೆ ಸಿಟ್ಟಾಗಲೂ ಬರುವುದಿಲ್ಲ. ಚಂಗಪ್ಪ ಒಪ್ಪಿಕೊಂಡು ಬಂದ.

ದೋಷ ಕೋವಿಯದ್ದಲ್ಲ, ಕೈಯದ್ದಲ್ಲ, ಕಣ್ಣಿನದ್ದು ಎಂದು ಅವನಿಗೆ ಹೇಳಿದವರು ಪೇಟೆಯಲ್ಲಿ ಗುರಿ ಹಿಡಿಯಲು ಕಲಿಸುವ ವಾರಾಂತ್ಯದ ತರಗತಿ ನಡೆಸುತ್ತಿದ್ದ ಒಬ್ಬ ಕೋಚ್. ಕನ್ನಡಕದವರು ಕಣ್ಣಿಗೆ ಗಾಜು ಹಾಕುತ್ತಾರೆ, ಇವರು ಕಣ್ಣಿಗೆ ಕಸರತ್ತು ಮಾಡಿಸುತ್ತಾರೆ. ಪೆನ್ಸಿಲನ್ನು ಮೂಗಿನ ತನಕ ತಂದು ದೂರ ಒಯ್ಯುವುದು. ಹೆಬ್ಬೆರಳನ್ನೊಮ್ಮೆ, ಆಚೆಯ ಸಿಲ್ವರ್ ಓಕ್ ಮರವನ್ನೊಮ್ಮೆ ನೋಡುವುದು. ದಾರಕ್ಕೆ ಕಟ್ಟಿ ತೂಗಿಬಿಟ್ಟ ಚೆಂಡಿನ ಮೇಲಿನ ಅಕ್ಷರ ಓದುವುದು. ಮೇಣದ ಬತ್ತಿಯ ಉರಿಯನ್ನು ರೆಪ್ಪೆ ಬಡಿಯದೆ ದಿಟ್ಟಿಸುವುದು. ಕೊನೆಗೆ ಗೋಡೆಯ ಮೇಲೊಂದು ಕಪ್ಪು ಚುಕ್ಕೆ. ಅದನ್ನು ನೋಡುತ್ತಾ ನೋಡುತ್ತಾ ಗೋಡೆಯನ್ನು ಮರೆಯುವುದು.

"ಇಡೀ ಕಾಯಿ ನೋಡ್ಬಾರ್ದು ರಿಪೋರ್ಟರೇ," ಎಂದು ಚಂಗಪ್ಪ ನನಗೆ ಪಾಠ ಹೇಳಿದ. "ಕಾಯಿಯ ಒಂದು ಕಣ್ಣು ನೋಡ್ಬೇಕು. ಅದು ನಿಮಗೆ ಸರಿಯಾಗಿ ಕಂಡ್ರೆ ಕೋವಿಯ ತುದಿ ಮಸುಕಾಗ್ತದೆ. ತುದಿ ಮಸುಕಾಯ್ತು ಅಂದ್ರೆ ಫೋಕಸ್ ಬಂತು ಅಂತ ಲೆಕ್ಕ."

ಇದರಲ್ಲಿ ಸುಳ್ಳೇನೂ ಇಲ್ಲ. ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಗಳಿಗೆಯಲ್ಲಿ ಸ್ಪಷ್ಟವಾಗಿ ಹಿಡಿಯಲು ಕಣ್ಣಿಗೆ ಆಗುವುದಿಲ್ಲ. ಒಂದನ್ನು ಕೊಟ್ಟೇ ಇನ್ನೊಂದನ್ನು ಪಡೆಯಬೇಕು. ಕೋವಿ ಮುಟ್ಟದವರೂ ಇದನ್ನೇ ಅಭ್ಯಾಸ ಮಾಡುತ್ತಿದ್ದಾರೆ. ದುಬಾರೆಯಲ್ಲಿ ಪಕ್ಕದಲ್ಲೇ ನಿಂತ ಆನೆಯನ್ನು ಬಿಟ್ಟು ಫೋನಿನೊಳಗಿನ ಆನೆಯನ್ನು ನೋಡುವವರಿದ್ದಾರೆ. ಕಿಟಕಿಯಿಂದ ಬೆಟ್ಟ ಕಾಣಬೇಕೆಂದು ಬೆಟ್ಟವನ್ನೇ ಕಡಿದು ರೆಸಾರ್ಟ್ ಕಟ್ಟುವವರಿದ್ದಾರೆ. 'ಗುರಿ ಸಾಧಿಸಲಾಗಿದೆ' ಎಂದು ಇಲಾಖೆಗಳು ಕಳಿಸುವ ಪ್ರಕಟಣೆಯನ್ನು ಗುಂಡಿಗಳೇ ತುಂಬಿರುವ ರಸ್ತೆಯಲ್ಲಿ ಬೈಕ್ ಕುಲುಕಿಸಿಕೊಂಡು ಹೋಗಿ ಟೈಪ್ ಮಾಡುವವನು ನಾನೇ ಇದ್ದೇನೆ. ನಮ್ಮ ಕಾಲ ಗುರಿ ಹಿಡಿದವರ ಕಾಲ. ಕೋಚ್‌ನದ್ದೇನು ತಪ್ಪು?

ಅಭ್ಯಾಸದ ಫಲ ಮೊದಲು ಕಂಡದ್ದು ಬಾಳೆಯಲ್ಲಿ. ಒಂದು ಸಂಜೆ ಚಂಗಪ್ಪ ಜಗಲಿಯಲ್ಲಿ ಕೂತು ಚುಕ್ಕೆ ನೋಡುತ್ತಿದ್ದಾಗ ಯಾರೋ ತೆರೆದಿಟ್ಟ ಗೇಟಿನಿಂದ ಒಂಟಿ ಆನೆ ಬಂದು, ಅಂಗಳದಾಚೆಯ ಬಾಳೆ ಮುಗಿಸಿ, ಬಂದ ದಾರಿಯಲ್ಲೇ ಹೋಯಿತು. ತೋಟದ ಲೆಕ್ಕ ಬರೆಯುವ ರೈಟರ್ ಕಾರ್ಮಿಕರ ಲೈನ್ ಮನೆಗಳ ಕಡೆಯಿಂದ ಕೂಗುತ್ತಾ ಓಡಿ ಬಂದಾಗಷ್ಟೇ ಇವನು ತಿರುಗಿದ್ದು.

"ಆನೆ ನೋಡ್ಲಿಲ್ವಾ ಸಾರ್?"

"ಇಲ್ಲ," ಎಂದನಂತೆ ಚಂಗಪ್ಪ, ಸ್ವಲ್ಪ ಹೆಮ್ಮೆಯಿಂದಲೇ.

ಅವನ ಹೆಂಡತಿ ಪೂವಮ್ಮ ಇದನ್ನು ನನಗೆ ಹೇಳಿ, "ಮೊದ್ಲು ನಾನು ಕಾಣ್ತಿರ್ಲಿಲ್ಲ ಅಣ್ಣ, ಈಗ ಆನೆಯೂ ಕಾಣೋದಿಲ್ಲ. ಸುಧಾರಿಸಿದ್ದಾರೆ," ಎಂದರು.

ಹಬ್ಬದ ದಿನ ಬಂತು. ಆ ದಿನ ಕೋವಿಗಳನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸಿ, ನಳಿಗೆಯ ಬಾಯಿಗೆ ತೋಕ್ ಹೂವು ಸಿಕ್ಕಿಸುತ್ತಾರೆ. ಬೆಂಕಿಯ ನಾಲಿಗೆಗಳಂತೆ ಕೆಂಪು ಹಳದಿಯ ಹೂವು. ಊಟವಾಗಿ ಮೈದಾನಕ್ಕೆ ಹೊರಡುವಾಗ ಹೂವು ತೆಗೆದಿಡುವುದು ಮನೆಯ ಹಿರಿಯನ ಕೆಲಸ. ಆದರೆ ಕಣ್ಣಿಗೆ ವಿಶ್ರಾಂತಿ ಸಿಗಲೆಂದು ಕೋಚ್ ಹೇಳಿದ್ದ ಪ್ರಕಾರ ನಮ್ಮ ಹಿರಿಯ ಬೆಳಿಗ್ಗೆಯಿಂದ ಕಪ್ಪು ಕನ್ನಡಕದಲ್ಲಿದ್ದ. ಆ ಕನ್ನಡಕದಲ್ಲೇ ಮಬ್ಬುಗತ್ತಲ ಕೋಣೆಗೆ ಹೋಗಿ, ತಡವಿ, ಅಪ್ಪನ ಕೋವಿ ಎತ್ತಿಕೊಂಡು ಜೀಪು ಹತ್ತಿದ.

ಮೈದಾನದಲ್ಲಿ ಹೂವನ್ನು ಎಲ್ಲರೂ ನೋಡಿದರು. ಮೊದಲ ಗುಂಡಿನ ಮನೆಯವರು, ಈ ಸಲ ಮರ್ಯಾದೆಯ ಪ್ರಶ್ನೆ ಬೇರೆ, ಗೌರವಕ್ಕೆ ಇಟ್ಟುಕೊಂಡು ಬಂದಿರಬೇಕು ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ಕಚೇರಿಯ ಗೋಡೆಯ ಮೇಲಿದೆ, ಮೈದಾನದಲ್ಲಿ ಇರಲಿಲ್ಲ.

ಚಂಗಪ್ಪ ಕನ್ನಡಕ ತೆಗೆದ. ಮರದ ಮೇಲಿನ ಕಾಯಿಯ ಮೇಲೆ ನೆಟ್ಟ ದೃಷ್ಟಿ ಕದಲಿಸದೆ ತೋಟಾ ತುಂಬಿದ, ಕೋವಿ ಭುಜಕ್ಕೇರಿಸಿದ. ಕೋಚ್ ಜಾಹೀರಾತಿಗೆಂದು ಫೋನ್ ಹಿಡಿದು ನಿಂತಿದ್ದರು. ನಾನು ಕ್ಯಾಮೆರಾ ಒತ್ತಿದೆ. ಚಂಗಪ್ಪನ ಮುಖದಲ್ಲಿ ಆಗ ಒಂದು ಶಾಂತಿ ಕಂಡಿತು. ಆಮೇಲೆ ಅವನೇ ಹೇಳಿದ: ಕೋವಿಯ ತುದಿ ಪೂರ್ತಿ ಮಸುಕಾಗಿತ್ತಂತೆ, ಕೆಂಪು ಹಳದಿಯ ಹೊಗೆಯಂತೆ. ಇಷ್ಟು ದಿನದ ತಪಸ್ಸು ಫಲಿಸಿತು ಎಂದುಕೊಂಡನಂತೆ.

"ಏ, ಹೂ ತೆಗೀರಿ ಮೊದ್ಲು," ಎಂದರು ಪೂವಮ್ಮ.

ಅವನಿಗೆ ಕೇಳಿಸಲಿಲ್ಲ. ಪೂವಮ್ಮ ಹಿಂದಿನಿಂದ ಹೋಗಿ ನಳಿಗೆಯನ್ನು ಆಕಾಶಕ್ಕೆ ತಿರುಗಿಸಿ ಹಿಡಿದರು. "ನಳಿಗೆ ಬಾಯಿ ಕಟ್ಟಿಕೊಂಡು ಹೊಡೆದ್ರೆ ಕಾಯಿ ಉಳೀತದೆ, ನೀವು ಉಳಿಯೋದಿಲ್ಲ." ತೋಟಾ ತೆಗೆಸಿ, ಹೂವು ಎಳೆದು ಅವನ ಅಂಗೈಯಲ್ಲಿಟ್ಟರು. ಚಂಗಪ್ಪ ಹೂವನ್ನು ನೋಡಿದ. ಮೊದಲು ನಕ್ಕವನು ಅವನೇ.

ಗುಂಡು ಹಾರದ್ದರಿಂದ ತಪ್ಪಿತೆನ್ನಲು ಬರುವುದಿಲ್ಲ, ಇನ್ನೊಮ್ಮೆ ಹೊಡೆಯಲಿ ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಯುವಕರು ನಗುತ್ತಿದ್ದುದರಿಂದ ತಕರಾರು ಮಾಡಲಾಗಲಿಲ್ಲ. ಆದರೆ ನಕ್ಕೂ ನಕ್ಕೂ ಚಂಗಪ್ಪನ ತರಬೇತಾದ ಕಣ್ಣುಗಳಲ್ಲಿ ನೀರು ತುಂಬಿತ್ತು.

"ನಂಗೆ ಈಗ ಎರಡು ಕಾಯಿ ಕಾಣ್ತದೆ. ಮೊದಲ ಗುಂಡು ಮನೆಯದ್ದಲ್ವಾ? ನೀನೇ ಹೊಡಿ," ಎಂದು ಕೋವಿ ಕೊಟ್ಟ.

ಪೂವಮ್ಮ ನಳಿಗೆಯೊಳಗೆ ನೋಡಿದರು. ಆಚೀಚೆ ನಿಂತವರನ್ನು ನೋಡಿದರು, ನನ್ನನ್ನು ಹಿಂದೆ ಸರಿಯಲು ಹೇಳಿದರು. ಕಾಯಿಯನ್ನು ನೋಡಿದ್ದು ಎಲ್ಲಕ್ಕಿಂತ ಕೊನೆಗೆ. ಕಾಯಿ ಒಡೆದು ನೀರು ಚಿಮ್ಮಿತು. ಚೀಟಿಯ ಮಾತು ಅಲ್ಲಿಗೆ ಮುಗಿಯಿತು.

ಕೋಚ್ ಮೆಲ್ಲಗೆ ಹತ್ತಿರ ಬಂದು, "ಮೇಡಂ, ನಿಮ್ಮನ್ನ ನಮ್ಮ ಸ್ಟೂಡೆಂಟ್ ಅಂತ ಹಾಕ್ಬಹುದಾ?" ಎಂದರು.

"ಹಾಕಿ. ನಿಮ್ಮ ಮೇಣದ ಬತ್ತಿಯ ಮಸಿ ಒರೆಸಿದ್ದು ನಾನೇ ಅಲ್ವಾ?"

ನಾನು ತೆಗೆದ ಫೋಟೋವನ್ನು ಪತ್ರಿಕೆ ಹಾಕಲಿಲ್ಲ. ತರಬೇತಿಯಿಲ್ಲದ ನನ್ನ ಕ್ಯಾಮೆರಾ ಹತ್ತಿರದ ಹೂವನ್ನೇ ಹಿಡಿದಿತ್ತು. ಎಸಳು ಎಸಳೂ ಸ್ಪಷ್ಟ, ಕಾಯಿ ಮಾತ್ರ ಕಂದು ಮಚ್ಚೆ. ಗುರಿಯೇ ಕಾಣುವುದಿಲ್ಲ ಎಂದು ಡೆಸ್ಕಿನವರು ಹೋದ ವರ್ಷದ್ದೊಂದು ಚಿತ್ರ ಹಾಕಿದರು. ಓದುಗರ ಪೈಕಿ ಒಬ್ಬರೂ ಗಮನಿಸಲಿಲ್ಲ.

ಆ ಫೋಟೋವನ್ನು ಕೇಳಿ ಪಡೆದು, ಚೌಕಟ್ಟು ಹಾಕಿಸಿ, ಚಂಗಪ್ಪ ಕಪ್ಪು ಚುಕ್ಕೆ ಇದ್ದ ಜಾಗದಲ್ಲೇ ತೂಗುಹಾಕಿದ್ದಾನೆ. ಮೊನ್ನೆ ಹೋದಾಗ ಇಬ್ಬರೂ ಅದರ ಮುಂದೆ ಕಾಫಿ ಹಿಡಿದು ಕೂತಿದ್ದೆವು.

"ನೀವು ಏನೇ ಬರೀರಿ ರಿಪೋರ್ಟರೇ," ಎಂದ, "ಕಾಯಿಯನ್ನ ಅಷ್ಟು ಸ್ಪಷ್ಟವಾಗಿ ನಾನು ಹುಟ್ಟಿದ ಮೇಲೆ ನೋಡಿರ್ಲಿಲ್ಲ."

ನಾನು ನಂಬಿದೆ. ಗುರಿ, ದೃಷ್ಟಿ, ಪತ್ರಿಕಾಧರ್ಮ ಎಂದು ಏನೋ ಗಂಭೀರವಾಗಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಪೂವಮ್ಮನ ದನಿ ಬಂತು.

"ಅಣ್ಣ, ಬರುವಾಗ ಗೇಟು ಹಾಕಿದ್ರಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದೆ.