ಇಂದಿರಾ ಅಳೆದು ತಂದ ಪಿಸ್ತೂಲು

ಈ ಪರದೇಶದ ಮೀರಾ ಮೆಸಾ ಬಡಾವಣೆಯಲ್ಲಿರುವ ನಮ್ಮ ಕನ್ನಡದ ಮಂದಿ ಇಂದಿರಾಳನ್ನು ಈಗ ‘ಪಿಸ್ತೂಲಿನಾಕೆ’ ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹತ್ತು ವರ್ಷ ಇವರ ತಾಳಿ, ಬೋರಮಾಳ, ಕರಿಮಣಿ ಸರಗಳನ್ನೆಲ್ಲ ಪೋಣಿಸಿಕೊಟ್ಟವಳು ಅವಳು. ಆಗೆಲ್ಲ ಇವರ ಬಾಯಲ್ಲಿ ‘ನಮ್ಮ ಇಂದಿರಾ’ ಆಗಿದ್ದಳು.

ಅವಳು ಗದಗ-ಬೆಟಗೇರಿ ಕಡೆಯ ಪಟವೇಗಾರರ ಮಗಳು. ಸರ ಪೋಣಿಸುವುದು ತವರಿನ ಕಸುಬು. ಗಂಡ ಏಕನಾಥ ಇಲ್ಲಿ ಇಂಜಿನಿಯರ್. ಶನಿವಾರ ಬಂತೆಂದರೆ ಇಂದಿರಾ ಕಾರು ತೆಗೆದು ದೂರದ ಊರಾದ ಡೈಮಂಡ್ ಬಾರ್‌ವರೆಗೂ ಹೋಗಿ, ಮನೆಮನೆಯಿಂದ ಹರಿದ ಸರಗಳನ್ನು ತಂದು, ಮುಂದಿನ ಶನಿವಾರ ಒಪ್ಪಿಸಿ ಬರುವಳು. ಅವಳದೊಂದು ಹಟವಿತ್ತು. ತೊಡುವವರ ಕೊರಳಿಗೆ ದಾರ ಹಿಡಿದು ಅಳತೆ ತೆಗೆಯದೆ ಸೂಜಿ ಮುಟ್ಟುತ್ತಿರಲಿಲ್ಲ. ಫೋನಿನಲ್ಲಿ ಇಷ್ಟು ಇಂಚು ಎಂದು ಹೇಳಿದರೆ ನಡೆಯುತ್ತಿರಲಿಲ್ಲ, ಎದುರಿಗೆ ಬಂದು ಕೂರಲೇಬೇಕು.

2006ರ ಬೇಸಿಗೆಯಲ್ಲಿ ಡೈಮಂಡ್ ಬಾರ್‌ನ ಒಂದು ಪಾರ್ಕಿಂಗ್ ಲಾಟಿನಲ್ಲಿ ಹಾಡಹಗಲೇ ಇಬ್ಬರು ಚಾಕು ತೋರಿಸಿ ಅವಳ ಡಬ್ಬಿ ಕಿತ್ತುಕೊಂಡು ಓಡಿದರು. ಅದರಲ್ಲಿ ನನ್ನ ಅತ್ತೆ ಬಸಲಿಂಗವ್ವನ ಬೋರಮಾಳವೂ ಇತ್ತು. ಇಂದಿರಾ ಅಳುತ್ತ ನಮ್ಮ ಮನೆಗೆ ಬಂದರೆ ಅತ್ತೆ ಒಂದು ಲೋಟ ನೀರೂ ಕೊಡಲಿಲ್ಲ.

“ಮಂದಿ ಬಂಗಾರ ಇಟ್ಕೊಂಡು ಬರಿಗೈಲೆ ಅಡ್ಡಾಡ್ತಾರೇನ? ಈ ದೇಶದಾಗ ಎಲ್ಲಾರ ಹಂತೇಕ ಪಿಸ್ತೂಲ್ ಇರ್ತಾವ. ನೀನೂ ಒಂದ್ ಇಟ್ಕೋ,” ಅಂದರು.

ಈ ಮಾತು ನೆನಪಿನಲ್ಲಿರಲಿ. ಹೇಳಿದ ಬಾಯಿ ಯಾರದೆಂಬುದೂ ನೆನಪಿನಲ್ಲಿರಲಿ.

ಏಕನಾಥನೂ ಕಡ್ಡಿ ಮುರಿದಂತೆ ಹೇಳಿದ, ಪಿಸ್ತೂಲಾದರೂ ಇಟ್ಟುಕೋ, ಇಲ್ಲವಾದರೆ ಈ ಕಸುಬು ಬಿಡು. ವಿಚಾರಿಸಿದಾಗ, ಬಂಗಾರ ಒಯ್ಯುವವರು, ಒಮ್ಮೆ ದರೋಡೆಗೆ ಸಿಕ್ಕವರು ಅಪ್ಲೈ ಮಾಡಿದರೆ ಪಿಸ್ತೂಲನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಓಡಾಡುವ ಲೈಸೆನ್ಸ್ ಸಿಗಬಹುದು ಎಂದು ತಿಳಿಯಿತು. ಆದರೆ ಒಯ್ಯುವ ಪಿಸ್ತೂಲಿನಿಂದಲೇ ಗುರಿ ಹೊಡೆದು ಪಾಸಾಗಬೇಕು. ಪಾಸಾಗದಿದ್ದರೆ ಅವಳ ಶನಿವಾರಗಳು ಮುಗಿದಂತೆ.

ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಕೊಳ್ಳುವವಳು ಇಂದಿರಾ, ಅಂಗಡಿಯವನು ಮಾತಾಡಿದ್ದೆಲ್ಲ ಏಕನಾಥನ ಜೊತೆ. ಇವಳನ್ನೊಮ್ಮೆ ನೋಡಿ, ಹೆಂಗಸರಿಗೆ ಇದೇ ಸರಿ ಎಂದು ಅಂಗೈಯಲ್ಲಿ ಮುಚ್ಚಿಹೋಗುವಂಥ ಹಗುರ ರಿವಾಲ್ವರೊಂದನ್ನು ಮುಂದಿಟ್ಟ. ಏಕನಾಥನ ಕೈಯಲ್ಲಿ ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದ ಹತ್ತು ಹಾಳೆ. ಅವನಿಗೆ ಬೇಕಾದದ್ದು ಪೊಲೀಸರು ಸೊಂಟಕ್ಕೆ ಕಟ್ಟುವಂಥ ದೊಡ್ಡದು. ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ಇವಳು ಸಂತೆಯಲ್ಲಿ ತಂದು ನಿಲ್ಲಿಸಿದ ಹಸುವಿನಂತೆ ನಿಂತಿದ್ದಳು.

ಆಮೇಲೆ ಅಂಗಡಿಯೊಳಗೇ ಗುರಿ ಹೊಡೆಯಲು ಇದ್ದ ರೇಂಜಿನಲ್ಲಿ ಎರಡನ್ನೂ ಹೊಡೆಸಿದರು. ಹಗುರವಾದದ್ದು ಎಂಥ ಒದೆ ಒದೆಯಿತೆಂದರೆ ಹೆಬ್ಬೆರಳಿನ ಸಂದಿಯ ಚರ್ಮ ಕಿತ್ತುಬಂತು. ದೊಡ್ಡದರ ಟ್ರಿಗರಿಗೆ ಬೆರಳೇ ಎಟುಕಲಿಲ್ಲ. ಗಂಡಸರಿಬ್ಬರೂ ನಕ್ಕರು. ಆ ಕೈಯಲ್ಲಿ ಮೂರು ದಿನ ಸೂಜಿ ಹಿಡಿಯಲಾಗಲಿಲ್ಲ. ಅನ್ನ ಕೊಡುವ ಕೈ ಅದು, ನಗುವ ಮಾತೇ?

ಕಾರಿನಲ್ಲಿ ಕೂತ ಮೇಲೆ ಅವಳು ಹೇಳಿದ್ದು ಇಷ್ಟೇ: “ಕೊರಳ ಮುಟ್ಟದ ನಾ ಒಂದ್ ಕರಿಮಣಿ ಪೋಣ್ಸಂಗಿಲ್ಲ, ವೈನಿ. ಜೀವಾ ಉಳಸೂ ಸಾಮಾನು ಕೊಡಾಕ ನನ್ನ ಕೈ ಒಬ್ರೂ ನೋಡ್ಲಿಲ್ಲ.”

ಮುಂದಿನ ವಾರ ಏಕನಾಥನನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೇ ಬೇರೊಂದು ಅಂಗಡಿಗೆ ಹೋದೆವು. ಇಂದಿರಾ ಪರ್ಸಿನಿಂದ ರೇಷ್ಮೆ ದಾರ ತೆಗೆದು, ತನ್ನ ಹೆಬ್ಬೆರಳಿನ ಸಂದಿಯಿಂದ ತೋರುಬೆರಳಿನ ತುದಿಯವರೆಗೆ ಅಳೆದು ಗಂಟು ಹಾಕಿದಳು. ಗಾಜಿನ ಮೇಲೆ ಸಾಲಾಗಿ ಇಡಿಸಿದ ಒಂದೊಂದು ಪಿಸ್ತೂಲಿನ ಹಿಡಿಯಿಂದ ಟ್ರಿಗರಿನವರೆಗೆ ಆ ದಾರ ಹಿಡಿದು ನೋಡಿದಳು. ಕೌಂಟರಿನಲ್ಲಿದ್ದ ಹೆಂಗಸು ನಗಲಿಲ್ಲ, ಬದಲಿಗೆ ಇನ್ನೂ ನಾಲ್ಕನ್ನು ತಂದಿಟ್ಟಳು. ಗಂಟಿಗೆ ಸರಿಹೊಂದಿದ್ದು ಮೂರು. ಬಾಡಿಗೆಗೆ ತೆಗೆದುಕೊಂಡು ಮೂರನ್ನೂ ಹೊಡೆದು ನೋಡಿದಳು. ಖಾಲಿ ಪಿಸ್ತೂಲನ್ನು ಚೂಡಿದಾರದ ಒಳಗೆ ಸೊಂಟಕ್ಕೆ ಕಟ್ಟಿದ ಪಟ್ಟಿಗೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತಳು, ಬಗ್ಗಿದಳು, ಹೊಟ್ಟೆಗೆ ಚುಚ್ಚಿದ್ದನ್ನು ವಾಪಸ್ ಇಟ್ಟಳು. ಕೊನೆಗೆ ಆರಿಸಿದ್ದು ನಡುಗಾತ್ರದ್ದು, ಸ್ವಲ್ಪ ಭಾರದ್ದು, ನೋಡಲು ಏನೂ ಚೆಂದವಿಲ್ಲದ್ದು. ತೂಕವಿದ್ದರೆ ಒದೆ ಕಡಿಮೆ ಎಂದು ಆ ಹೆಂಗಸೂ ಒಪ್ಪಿದಳು. ಮೂರು ತಿಂಗಳು ಪ್ರಾಕ್ಟೀಸ್ ಮಾಡಿ ಪರೀಕ್ಷೆಯಲ್ಲಿ ಪಾಸಾದಳು. ಲೈಸೆನ್ಸ್ ಕೈಗೆ ಬಂತು. ಸುದ್ದಿ ಗೊತ್ತಿದ್ದದ್ದು ಏಕನಾಥನೂ ಸೇರಿ ನಮ್ಮ ಮೂವರಿಗೆ ಮಾತ್ರ. ಒಂದು ವರ್ಷ ಅವಳ ಶನಿವಾರಗಳು ಹೆದರಿಕೆಯಿಲ್ಲದೆ ನಡೆದವು.

ಆಮೇಲೆ 2007ರ ಖಂಡೇನವಮಿ ಬಂತು. ಕಸುಬಿನ ಸಾಮಾನಿಗೆಲ್ಲ ಪೂಜೆ ಮಾಡುವ ದಿನ. ಸೂಜಿ, ಚಿಮಟಾ, ಕತ್ತರಿಗಳ ನಟ್ಟನಡುವೆ ಏಕನಾಥ ಪಿಸ್ತೂಲನ್ನಿಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಹತ್ತು ಮನೆಯವರನ್ನು ಊಟಕ್ಕೆ ಕರೆದಿದ್ದ. ಇಂದಿರಾ ಬ್ಯಾಡ್ರಿ ಎಂದಳಂತೆ, ಖಂಡೇ ಪೂಜೆಗೆ ಆಯುಧ ಮುಚ್ಚಿಡುವುದೆಂಥದು ಎಂದು ಇವನು ಬೈದನಂತೆ. ಬಚ್ಚಿಡಲೆಂದೇ ತಂದ ವಸ್ತುವಿಗೆ ಆರತಿ ಎತ್ತಿಸಿದ ಬುದ್ಧಿವಂತ!

ಒಂದೇ ವಾರದಲ್ಲಿ ಫೋನುಗಳು ಶುರುವಾದವು. ಸದ್ಯಕ್ಕೆ ಬೇಡ ಎಂದರು ಒಬ್ಬರು. ಮನೆಯಲ್ಲಿ ಮಕ್ಕಳಿದ್ದಾರೆ ಎಂದರು ಇನ್ನೊಬ್ಬರು. ನಮ್ಮ ಅತ್ತೆಯಂತೂ ಪಿಸ್ತೂಲು ಹಿಡಿದ ಕೈಯಲ್ಲಿ ತಾಳಿ ಪೋಣಿಸಬಾರದು, ಅಪಶಕುನ ಎಂದು ಕಂಡಕಂಡವರಿಗೆಲ್ಲ ಸಾರಿದರು. ಪಿಸ್ತೂಲು ಇಟ್ಟುಕೋ ಎಂದ ಅದೇ ಬಾಯಿ! ಮರುವರ್ಷ ನನ್ನ ಮಗಳು ವೈಷ್ಣವಿಯ ಮದುವೆಯ ತಾಳಿಯನ್ನೂ ಇಂದಿರಾಳಿಗೆ ಕೊಡದೆ ಹುಬ್ಬಳ್ಳಿಯಿಂದ ಪೋಣಿಸಿಯೇ ತರಿಸಿದರು. ಎಲ್ಲವೂ ಗೊತ್ತಿದ್ದ ನಾನು ಏನು ಮಾಡಿದೆ? ಮದುವೆ ಮನೆಯಲ್ಲಿ ಜಗಳ ಬೇಡವೆಂದು ಬಾಯಿ ಮುಚ್ಚಿಕೊಂಡಿದ್ದೆ. ನನಗೆ ನನ್ನ ಮೇಲೆಯೇ ಎಲ್ಲರಿಗಿಂತ ಹೆಚ್ಚು ಸಿಟ್ಟು.

ಮದುವೆಗೆ ಎರಡು ದಿನ ಮುಂಚೆ ಡಬ್ಬಿ ಬಿಚ್ಚಿದರೆ ಸರ ಗಿಡ್ಡ. ಅಳತೆಯಿಲ್ಲದೆ ಪೋಣಿಸಿದ್ದು ಕುತ್ತಿಗೆಗೆ ಬಿಗಿಯುವಷ್ಟು ಗಿಡ್ಡವಾಗಿತ್ತು. ಆಗ ಅಪಶಕುನವೆಲ್ಲ ಎಲ್ಲಿ ಹೋಯಿತೋ, ಇಂದಿರಾಳ ಮನೆಗೆ ನಡಿ ಎಂದು ವೈಷ್ಣವಿಯನ್ನೂ ನನ್ನನ್ನೂ ಹೊರಡಿಸಿಕೊಂಡು ಅತ್ತೆಯೇ ಕಾರು ಹತ್ತಿದರು.

ಇಂದಿರಾ ಬಾಗಿಲು ತೆರೆದು ಕೂರಿಸಿ ಚಹಾ ಕೊಟ್ಟಳು. ಕೆಲಸವಿಲ್ಲದೆ ಮೇಜು ಖಾಲಿಯಾಗಿತ್ತು. ಲೈಸೆನ್ಸ್ ಮುಗಿಯುತ್ತ ಬಂದಿದೆ, ರಿನ್ಯೂ ಮಾಡಿಸುವುದಿಲ್ಲ, ಒಯ್ಯಲು ಬಂಗಾರವೇ ಇಲ್ಲವಲ್ಲ ಎಂದಳು. ವೈಷ್ಣವಿಯನ್ನು ಎದುರಿಗೆ ಕೂರಿಸಿಕೊಂಡು ಕೊರಳ ಸುತ್ತ ದಾರ ಹಿಡಿದು, ಗಂಟು ಹಾಕಿ ಕತ್ತರಿಸಿದಳು. ಅತ್ತೆ ಸರದ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. ಅವಳು ಅದನ್ನು ಮುಟ್ಟಲಿಲ್ಲ.

“ಅಳತಿ ಕೊಟ್ಟೇನ್ರಿ, ಅವ್ವಾರ. ಪೋಣ್ಸಾಕ ಪಿಸ್ತೂಲ್ ಮುಟ್ಟದ ಕೈ ಹುಡುಕ್ರಿ,” ಎಂದು ದಾರವನ್ನು ನನ್ನ ಕೈಯಲ್ಲಿಟ್ಟಳು.

ಕಸುಬು ಬಾರದ ನಾನೇ ಪೋಣಿಸಿದೆ. ವೈಷ್ಣವಿಯ ಸರ ಈವರೆಗೆ ಎರಡು ಸಲ ಹರಿದಿದೆ.