ಎರಡನೆಯ ಹಿಡಿ

ಹೆಂಡತಿ ತೀರಿಹೋದ ಮೇಲೆ ದರ್ಜಿ ಮೊದಲ ಸಲ ತಾನೇ ಚೀಲ ಹಿಡಿದು ದೊಡ್ಡ ಮಾರುಕಟ್ಟೆಗೆ ಹೋದ ದಿನ ಸೊಪ್ಪಿನಜ್ಜಿಯ ಪರಿಚಯವಾಯಿತು. ಅಜ್ಜಿ ಯಾರನ್ನೂ ಏನೂ ಕೇಳುವವಳಲ್ಲ. ಮುಖ ನೋಡಿ, ಮನೆಯಲ್ಲಿ ಉಣ್ಣುವ ಬಾಯಿಗೊಂದರಂತೆ ಸೊಪ್ಪಿನ ಹಿಡಿ ಕಟ್ಟುವಳು. ನೆಂಟರು ಬಾಗಿಲು ತಟ್ಟುವ ಮೊದಲೇ ಅವರ ಪಾಲು ಚೀಲ ಸೇರಿರುತ್ತಿತ್ತು. ಬಸುರಿಗೇ ತಿಳಿಯದ ಬಸಿರಿಗೂ ಒಂದು ಹಿಡಿ ಬೀಳುತ್ತಿತ್ತು. “ಒಂದೇ ಸಾಕಜ್ಜಿ, ಮನೇಲಿ ನಾನೊಬ್ನೇ,” ಎಂದ ದರ್ಜಿ. “ಸುಮ್ನಿರಪ್ಪಾ, ಹೆಂಡ್ತೀನ ಉಪವಾಸ ಕೆಡವ್ತೀಯಾ?” ಎಂದು ಗದರಿ ಎರಡು ಕಟ್ಟಿದಳು, ಎರಡನೆಯದರ ದಂಟನ್ನು ಮಾತ್ರ ಮುರಿದು ತೆಗೆದಳು. ಅವನ ಹೆಂಡತಿಗೆ ದಂಟು ಆಗುತ್ತಿರಲಿಲ್ಲ. ಅಂದು ಅವನು ಹೆದರಿ, ದುಡ್ಡು ಕೊಟ್ಟವನೇ ಹಿಂತಿರುಗಿ ನೋಡದೆ ಮನೆ ಸೇರಿದ. ಈಗ ದಿನವೂ ಎಳೆಯ ಸೊಪ್ಪು ಬೇಯಿಸಿ ಎರಡು ತಟ್ಟೆ ಹಾಕುತ್ತಾನೆ. ಬೆಳಗ್ಗೆ ಅಜ್ಜಿ ಮೊದಲ ಹಿಡಿ ಕಟ್ಟಿ, ಎರಡನೆಯದಕ್ಕೆ ಕೈ ಚಾಚುವವರೆಗೂ ಉಸಿರು ಬಿಗಿಹಿಡಿದು ನಿಂತಿರುತ್ತಾನೆ.